ಟ್ಯಾಂಕಿನ ಹೊಟ್ಟೆ

ಪಟಾನ್‌ಚೆರು, ಹೈದರಾಬಾದ್
8 ಜನವರಿ 2024

ಹಂಪಯ್ಯ ಉಸ್ತಾದರಿಗೆ ಹುಲಗೇಶನ ನಮಸ್ಕಾರಗಳು.

ನಾನು ಕ್ಷೇಮವೋ ಅಲ್ಲವೋ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ನೀವು ನನ್ನನ್ನು ನೋಡಿಲ್ಲ. ಯಶವಂತ ಸಾಹುಕಾರರ ಗ್ಯಾರೇಜಿನಲ್ಲಿ ಹಳೆಯ ಮೋಟರ್ ಸೈಕಲ್‌ಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಅದಕ್ಕೆ ಮೊದಲು ಅಮೀರ್‌ಪೇಟೆಯಲ್ಲಿ ಹಾಸ್ಟೆಲ್ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದೆ. ನಮ್ಮೂರು ಕಾರಟಗಿ ಹತ್ತಿರ. ನಿಮ್ಮ ಗಂಗಾವತಿಗೆ ದೂರವಲ್ಲ.

ಈ ಪೆಟ್ರೋಲ್ ಟ್ಯಾಂಕು ನಾನೊಬ್ಬನೇ ಪೂರ್ತಿಯಾಗಿ ಬಣ್ಣ ಮಾಡಿದ ಮೊದಲ ಟ್ಯಾಂಕು. ಇದರ ಎರಡೂ ಬದಿಗೆ ನೀವು ಚಿನ್ನದ ಗೆರೆ ಎಳೆಯಬೇಕು. ಅಷ್ಟನ್ನು ಹೇಳಲು ಸಾಹುಕಾರರು ಚೀಟಿ ಅಂಟಿಸಿದ್ದಾರೆ. ಈ ಪತ್ರ ಅವರಿಗೆ ಗೊತ್ತಿಲ್ಲ. ಬಣ್ಣದವರೂ ಗೆರೆಯವರೂ ಮಾತನಾಡಿಕೊಂಡರೆ ಸೇರಿ ಬೇರೆ ಅಂಗಡಿ ಹಾಕುತ್ತಾರೆಂದು ಅವರಿಗೆ ಅನುಮಾನ. ನಿಮ್ಮ ಫೋನ್ ನಂಬರನ್ನು ಯಾರಿಗೂ ಕೊಡುವುದಿಲ್ಲ. ಆದರೆ ಟ್ಯಾಂಕನ್ನು ಕೌದಿಯಲ್ಲಿ ಸುತ್ತಿ ಗಂಗಾವತಿ ಬಸ್ಸಿಗೆ ಹಾಕುವವನು ನಾನೇ. ಅದಕ್ಕೆ ಕೌದಿಯ ಮಡಿಕೆಯಲ್ಲಿ ಇಟ್ಟಿದ್ದೇನೆ.

ಇಲ್ಲಿಯ ಗಾಳಿ ಹೇಸಿಗೆ ಹುಟ್ಟಿಸುತ್ತದೆ. ಬೆಳಿಗ್ಗೆ ಫ್ಯಾಕ್ಟರಿಗಳ ಕಡೆಯಿಂದ ಕೊಳೆತ ಮೊಟ್ಟೆಗೆ ಔಷಧಿ ಬೆರೆಸಿದಂಥ ವಾಸನೆ ಬರುತ್ತದೆ. ಗ್ಯಾರೇಜಿನೊಳಗೆ ಅದಕ್ಕೆ ಥಿನ್ನರ್ ಕೂಡುತ್ತದೆ. ಬುತ್ತಿ ಬಿಚ್ಚಿದರೆ ರೊಟ್ಟಿಗೂ ಅದೇ ವಾಸನೆ. ಸಾಹುಕಾರರು ಗುಟ್ಕಾ ಜಗಿದು, ನಾನು ಬಣ್ಣ ಉಜ್ಜುವ ವಾಟರ್ ಪೇಪರ್ ನೆನೆಸುವ ಬಕೆಟ್ಟಿಗೇ ಉಗುಳುತ್ತಾರೆ. ಆ ನೀರಿನಲ್ಲೇ ಕೈ ಅದ್ದಿ ಟ್ಯಾಂಕು ಉಜ್ಜಬೇಕು. ನೀರು ಬದಲಿಸಿದರೆ "ಏನಲೇ, ಮಡಿವಂತ" ಎನ್ನುತ್ತಾರೆ.

ಗಾಡಿಯ ಮಾಲೀಕರು ಕೋಠಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಲ್ಲಣ್ಣನವರು, ಬೀದರಿನವರು. ಗಾಡಿ 1964ರದು, ಅವರ ಮದುವೆಗಿಂತ ಹಳೆಯದು. ಶಿವರಾತ್ರಿಗೆ ಹೆಂಡತಿ ಪಾರ್ವತಿಬಾಯಿಯವರನ್ನು ಹಿಂದೆ ಕೂರಿಸಿಕೊಂಡು ಇದರ ಮೇಲೆಯೇ ಬೀದರಿಗೆ ಹೋಗುತ್ತಾರಂತೆ. ಗೆರೆ ಚೆನ್ನಾಗಿ ಬರಲಿ ಎಂದು ಎರಡು ಸಲ ಹೇಳಿ ಹೋದರು.

ತುಕ್ಕು ಏರದಿರಲೆಂದು ಟ್ಯಾಂಕಿನೊಳಗೆ ಒಂದು ಲೋಟ ಸೀಮೆಎಣ್ಣೆ ಬಿಟ್ಟಿದ್ದೇನೆ. ಬೇರೆ ಚಿಂತೆ ಮಾಡುವಂಥದ್ದೇನೂ ಇಲ್ಲ.

ನಿಮ್ಮ
ಹುಲಗೇಶ


ಗಂಗಾವತಿ
13 ಜನವರಿ 2024

ಹುಲಗೇಶನಿಗೆ,

ಟ್ಯಾಂಕು ತಲುಪಿತು. ಗೆರೆ ಎಳೆಯದೆ ಅದೇ ಕೌದಿಯಲ್ಲಿ ಸುತ್ತಿ ವಾಪಸ್ಸು ಕಳಿಸಿದ್ದೇನೆ.

ಇದನ್ನು ಬಣ್ಣ ಎಂದು ಕರೆಯಲು ನಿನಗೆ ನಾಚಿಕೆ ಬರಲಿಲ್ಲವೇ? ಬಿಸಿಲಿಗೆ ಹಿಡಿದು ನೋಡು. ಎಡಬದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು, ಸಿಡುಬು ಎದ್ದು ಹೋದ ಮುಖದ ಹಾಗೆ. ಅದು ಎಣ್ಣೆ ಕೈಯ ಕೆಲಸ. ನೀನು ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೀಯ. ಬೆವರು ಬಂದಾಗ ಹಣೆ ಒರೆಸಿಕೊಂಡು ಅದೇ ಬೆರಳಿನಿಂದ ಟ್ಯಾಂಕು ಸವರುತ್ತೀಯ. ಎಣ್ಣೆ ಇದ್ದ ಕಡೆ ಬಣ್ಣ ನಿಲ್ಲದೆ ಸುತ್ತಲೂ ಸರಿದುಬಿಡುತ್ತದೆ. ಬಲಬದಿ ಕಿತ್ತಳೆ ಸಿಪ್ಪೆಯಂತಿದೆ. ಅಲ್ಲಿ ಬಣ್ಣ ಹೊಡೆಯುವ ಗನ್ನನ್ನು ಹೆದರಿ ದೂರ ಹಿಡಿದಿದ್ದೀಯ. ಬಣ್ಣ ಟ್ಯಾಂಕು ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿದೆ. ಮುಚ್ಚಳದ ಹತ್ತಿರ ಒಂದು ನೊಣ ಸತ್ತು ಅಂಟಿದೆ. ಅದರ ಮೇಲೂ ವಾರ್ನಿಷ್ ಹೊಡೆದಿದ್ದೀಯ. ನನಗೆ ಆ ದಿನ ಊಟ ಸೇರಲಿಲ್ಲ.

ಇಂಥದ್ದರ ಮೇಲೆ ಚಿನ್ನ ಎಳೆಯುವುದೆಂದರೆ ಸಗಣಿಯ ಮೇಲೆ ಜರಿ ಸೀರೆ ಹಾಸಿದಂತೆ. ನಮ್ಮ ಮನೆಯಲ್ಲಿ ಆ ಕೆಲಸ ಮಾಡುವುದಿಲ್ಲ.

ಸೀಗೆಪುಡಿಯಿಂದ ಕೈ ತೊಳಿ. ತಲೆಗೆ ಬಟ್ಟೆ ಕಟ್ಟು. ಪೂರಾ ಉಜ್ಜಿ ತೆಗೆದು ಮತ್ತೆ ಹೊಡಿ. ಒಂದು ಕೈ ಬಣ್ಣ ಹೊಡೆದ ಮೇಲೆ ಮರುದಿನದವರೆಗೆ ಮುಟ್ಟಬೇಡ. ಪ್ರತಿ ಕೈಗೂ ನೀರು ಹಾಕಿ ಉಜ್ಜು, ಮೊದಲು ಆರುನೂರರ ಪೇಪರ್, ಆಮೇಲೆ ಸಾವಿರ, ಕೊನೆಗೆ ಎರಡು ಸಾವಿರ. ಉಗುಳಿನ ನೀರಾದರೆ ಚೆಲ್ಲಿ ಬೇರೆ ತಾ. ಮಡಿವಂತ ಅನ್ನಿಸಿಕೊಂಡರೆ ಚರ್ಮ ಸುಲಿಯುವುದಿಲ್ಲ. ಮುಗಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸು. ಎಲ್ಲಾದರೂ ತಡೆದರೆ ಕಳಿಸಬೇಡ.

ಹಂಪಯ್ಯ


ಪಟಾನ್‌ಚೆರು
29 ಜನವರಿ 2024

ಉಸ್ತಾದರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನಾಲ್ಕು ದಿನ ನಿಮ್ಮನ್ನು ಬೈದುಕೊಂಡೆ. ನೋಡದೆಯೇ ನನ್ನ ತಲೆಯ ಎಣ್ಣೆ ನಿಮಗೆ ಹೇಗೆ ಗೊತ್ತಾಯಿತೆಂದು ಇನ್ನೂ ಸಿಟ್ಟಿದೆ. ನೊಣ ಮಾತ್ರ ನಾನು ನೋಡಿರಲಿಲ್ಲ, ಆಣೆ ಮಾಡುತ್ತೇನೆ.

ಈಗ ಎಣ್ಣೆ ಬಿಟ್ಟಿದ್ದೇನೆ. ಕೂದಲು ಹುಲ್ಲಿನಂತೆ ನಿಂತಿದೆ. ಪೂರಾ ಉಜ್ಜಿ ತೆಗೆದು ಎಂಟು ಕೈ ಕಪ್ಪು ಹೊಡೆದೆ. ಬೆರಳ ತುದಿಯ ಗೆರೆಗಳು ಸವೆದು ಹೋಗಿವೆ. ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆರಳನ್ನು ಗುರುತು ಹಿಡಿಯಲಿಲ್ಲ. ಸಾಹುಕಾರರು ದಿನಾ ಬಾಗಿಲಲ್ಲಿ ನಿಂತು ಅಣಕಿಸುತ್ತಾರೆ.

"ಏನಲೇ ಹುಲಗ್ಯಾ, ಟ್ಯಾಂಕಿಗಿ ಅರಿಶಿಣ ಹಚ್ಚಲತ್ತೀ ಏನು? ಲಗ್ನ ಯಾವಾಗ?"

ನಾನು ಉತ್ತರ ಕೊಡುವುದಿಲ್ಲ. ಕೊಡಲು ಬರುವುದೂ ಇಲ್ಲ. ಎದುರಿಗೆ ಮನುಷ್ಯರಿದ್ದರೆ ನನ್ನ ಬಾಯಿ ಒಣಗುತ್ತದೆ. ಕಾಗದದ ಮೇಲೆ ಇಷ್ಟು ಬರೆಯುತ್ತಿರುವುದೇ ಹೆಚ್ಚು.

ಈ ಅಂಗಡಿಯ ಕೆಲಸ ಹೇಗಿದೆ ಕೇಳಿ. ಹೊಸ ಬೋಲ್ಟುಗಳಿಗೆ ಉಪ್ಪು ನೀರು ಹಚ್ಚಿ, ವಾರಗಟ್ಟಲೆ ತುಕ್ಕು ಹಿಡಿಸಿ, "ಅಸಲಿ ಹಳೇ ಮಾಲ್" ಎಂದು ಗಿರಾಕಿಗೆ ತೋರಿಸುತ್ತಾರೆ. ಅದೇ ಮನುಷ್ಯ ನಿಜವಾದ ತುಕ್ಕು ಕಂಡರೆ ಮುಚ್ಚು ಎನ್ನುತ್ತಾರೆ. ಸೀಟಿಗೆ ಟೀ ಚೆಲ್ಲಿ ಬಿಸಿಲಿಗೆ ಇಡುತ್ತಾರೆ, ಹಳೆಯದಾಗಿ ಕಾಣಲಿ ಎಂದು. ಆ ಸೀಟಿನ ಮೇಲೆ ಇರುವೆ ಮುತ್ತಿ, ಇರುವೆಗೆ ಪೌಡರ್ ಹಾಕಿ, ಈಗ ಅದು ಸತ್ತ ಇಲಿಯ ಹಾಗೆ ನಾರುತ್ತದೆ. ಅದನ್ನೂ ಒಬ್ಬರು ಮುದ್ದಾಡಿ ಕೊಂಡುಹೋದರು.

ಮಲ್ಲಣ್ಣನವರು ಪ್ರತಿ ಭಾನುವಾರ ಬರುತ್ತಾರೆ, ಪಾರ್ವತಿಬಾಯಿಯವರೂ ಜೊತೆಗೆ. ಮೊನ್ನೆ ಟ್ಯಾಂಕಿನ ಮೇಲೆ ಬಗ್ಗಿ, "ಹುಲಗೇಶ, ನನ್ನ ಮಾರಿ ಇಷ್ಟ್ ಕರ್ರಗ ಅದ ಏನೋ?" ಎಂದರು.

"ಕನ್ನಡಿ ಸುಳ್ಳ್ ಹೇಳ್ತದೇನ್ರೀ?" ಎಂದರು ಪಾರ್ವತಿಬಾಯಿ. "ನಲವತ್ತಾರ್ ವರ್ಷ ನಾ ಹೇಳಿದ್ರ ನಂಬಲಿಲ್ಲ, ಈಗ ಟ್ಯಾಂಕ್ ಹೇಳಲತ್ತದ ನೋಡ್ರಿ."

ಅವರು ನನಗೆಂದು ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಬಂದಿದ್ದರು. ಎರಡು ತುತ್ತಿನ ಮೇಲೆ ಇಳಿಯಲಿಲ್ಲ. ಥಿನ್ನರ್ ವಾಸನೆಗೆ ಇರಬೇಕು.

ಉಸ್ತಾದರೇ, ಟ್ಯಾಂಕಿನ ಕೆಳಭಾಗವನ್ನು ನೀವು ನೋಡುತ್ತೀರಾ? ಅಲ್ಲಿ ಗೆರೆ ಇರುವುದಿಲ್ಲವಲ್ಲ. ಅದು ಅಷ್ಟು ನುಣುಪಾಗಿ ಬಂದಿಲ್ಲ. ನೋಡಿ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ
ಹುಲಗೇಶ


ಗಂಗಾವತಿ
5 ಫೆಬ್ರವರಿ 2024

ಹುಲಗೇಶನಿಗೆ,

ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಬಾವಿಯ ನೀರಿನ ಮೇಲೆ ಕೈ ಇಟ್ಟಂತಿತ್ತು. ಇನ್ನೊಮ್ಮೆ ಹೀಗೆ ಹೊಗಳುವುದಿಲ್ಲ, ಈ ಸಾಲನ್ನು ಬೇಕಾದರೆ ಕತ್ತರಿಸಿ ಇಟ್ಟುಕೋ.

ಇವತ್ತು ಗೆರೆಗೆ ಅಂಟು ಎಳೆದಿದ್ದಾಯಿತು. ನಾಳೆ ಅದರ ಮೇಲೆ ಚಿನ್ನದ ತೆಳು ವರಕಿನ ಹಾಳೆ ಕೂರಿಸಬೇಕು. ಕೆಳಭಾಗ ಒರಟಾಗಿದ್ದರೆ ಇರಲಿ ಬಿಡು, ಮೊದಲ ಟ್ಯಾಂಕಿನಲ್ಲಿ ಅಷ್ಟಾದರೂ ತಪ್ಪು ಇರಬೇಕು.

6 ಫೆಬ್ರವರಿ, ಬೆಳಿಗ್ಗೆ

ಮೇಲಿನದನ್ನು ಹರಿದು ಹಾಕಬೇಕೆಂದುಕೊಂಡೆ. ಹಾಕಿಲ್ಲ. ನಿನ್ನೆ ನಿಮ್ಮ ಬಗ್ಗೆ ಏನೆಂದುಕೊಂಡಿದ್ದೆ ಎಂಬುದು ನಿಮಗೂ ತಿಳಿಯಲಿ.

ವರಕು ಬೇಡದ ಕಡೆ ಅಂಟದಿರಲೆಂದು ನಾವು ಮೊದಲು ಟ್ಯಾಂಕಿಗೆಲ್ಲ ಸೀಮೆಸುಣ್ಣದ ಪುಡಿ ಸವರುತ್ತೇವೆ. ನಿನ್ನೆ ಸವರಿ, ಟ್ಯಾಂಕನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಎತ್ತಿದರೆ ಬಟ್ಟೆಯ ಮೇಲೆ ಉದುರಿದ ಪುಡಿಯಲ್ಲಿ ಕಪ್ಪು ಚುಕ್ಕೆಗಳು. ಮೂಸಿದೆ. ನೀವು ಒಳಗೆ ಬಿಟ್ಟಿದ್ದ ಸೀಮೆಎಣ್ಣೆ. ಟ್ಯಾಂಕನ್ನು ಮಗುಚಿ ಸೂಜಿಯಿಂದ ಕೆದಕಿದೆ. ಬಣ್ಣದಡಿ ಮೆತ್ತಿದ್ದ ಪುಟ್ಟಿ ನೆನೆದು ಮೆತ್ತಗಾಗಿ, ಹುಳುಕು ಹಲ್ಲಿನಿಂದ ಬರುವ ಹಾಗೆ ಬಂತು. ಅದರ ಹಿಂದೆ ತೂತು. ಪಕ್ಕದಲ್ಲಿ ಇನ್ನೊಂದು.

ಮುಖವನ್ನು ಎರಡು ಸಲ ತೊಳೆದುಕೊಂಡೆ. ನಿನ್ನೆ ಅದೇ ಟ್ಯಾಂಕಿನ ಮೇಲೆ ಕೆನ್ನೆ ಇಟ್ಟು ನುಣುಪು ನೋಡಿದ್ದೆ.

ಇನ್ನೊಂದು ಮಾತು. ನಾನು ಹಂಪಯ್ಯನಲ್ಲ. ಅವರ ಮಗಳು ಸುಮಂಗಲಾ. ಅಪ್ಪನ ಕೈ ನಡುಗಲು ಶುರುವಾಗಿ ಎರಡು ವರ್ಷವಾಯಿತು. ಅಂದಿನಿಂದ ಗೆರೆ ಎಳೆಯುತ್ತಿರುವವಳು ನಾನು, ಪಕ್ಕದಲ್ಲಿ ಕೂತು ಬೈಯುವವರು ಅಪ್ಪ. ಹಿಂದೊಮ್ಮೆ ನಿಮ್ಮ ಸಾಹುಕಾರರು ಇಲ್ಲಿಗೆ ಬಂದಾಗ ನನ್ನ ಕೈಯಲ್ಲಿ ಕುಂಚ ಕಂಡು, "ಹೆಣ್ಮಕ್ಕಳ ಗೆರಿ ಅಂದ್ರ ರಂಗೋಲಿನೇ" ಎಂದಿದ್ದರು. "ಗೆರಿ ಎಳಿಯೂ ಕೈಗೆ ಮೀಸಿ ಇರ್ತಾವೇನ್ರಿ?" ಎಂದು ಅಪ್ಪ ಕೇಳಿದ್ದರು. ಆದರೂ ಅಂದಿನಿಂದ ಅಪ್ಪನ ಹೆಸರಿನಲ್ಲೇ ಕಳಿಸುತ್ತಿದ್ದೇವೆ. ಇದು ಸುಳ್ಳೇ. ಆದರೆ ನನ್ನ ಸುಳ್ಳಿನಿಂದ ಯಾರ ತೊಡೆಯೂ ಸುಡುವುದಿಲ್ಲ.

ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ನಿಮಗೆ ಗೊತ್ತಿಲ್ಲವೇ? ಹಿಂದೆ ಕೂರುವ ಆ ಪಾರ್ವತಿಬಾಯಿಯವರ ರೊಟ್ಟಿ ತಿಂದಿದ್ದೀರಿ. ಅಪ್ಪ ಮೂಸಿ ನೋಡಿ, "ಥೂ, ತಗದ್ ಹೊರಗ ಇಡವ್ವ ಇದನ್ನ. ಮನ್ಯಾಗ ಹೆಣ ಇಟ್ಕೊಂಡಂಗ ಆಗೇತಿ" ಎಂದರು.

ಟ್ಯಾಂಕು ನನ್ನ ಬಳಿಯೇ ಇರುತ್ತದೆ, ಪತ್ರವನ್ನು ಮಾತ್ರ ನಿಮ್ಮ ಕೈಗೇ ಕೊಡಲು ಹೇಳಿ ಬಸ್ಸಿನವರ ಹತ್ತಿರ ಕಳಿಸಿದ್ದೇನೆ. ಮಲ್ಲಣ್ಣನವರಿಗೆ ನೀವೇ ಹೇಳಿ.

ಸುಮಂಗಲಾ


ಪಟಾನ್‌ಚೆರು
10 ಫೆಬ್ರವರಿ 2024

ಸುಮಂಗಲಕ್ಕನವರಿಗೆ,

ಹೌದು, ನನಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಹಳೆಯ ಬಣ್ಣ ಕಿತ್ತಾಗ ಹೊಟ್ಟೆ ಜರಡಿಯ ಹಾಗಿತ್ತು. "ಸಾವ್ಕಾರ್ರ, ತೂತ ಅದಾವ್ರಿ" ಎಂದೆ. ನಾನಾಗಿ ಅವರ ಹತ್ತಿರ ಮಾತನಾಡಿದ್ದು ಅದೇ ಮೊದಲು.

"ಪುಟ್ಟಿ ತುಂಬು" ಎಂದರು.

"ಸೋರಿದ್ರ?"

"ಸೋರಿದ್ರ, ನೀವೇ ಪೆಟ್ರೋಲ್ ಭಾಳ ತುಂಬ್ಸೀರಿ ಅಂತ ಹೇಳಾಣ. ಹೊಟ್ಟಿ ಯಾರ್ ನೋಡ್ತಾರಲೇ? ನಿನ್ ಹೊಟ್ಟಿ ಯಾರರೆ ಒಮ್ಮಿ ನೋಡ್ಯಾರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಕೂತು ಒಂದೊಂದಾಗಿ ತುಂಬಿದೆ. ಪುಟ್ಟಿ ಗುಲಾಬಿ ಬಣ್ಣದ್ದು, ಒಸಡಿನ ಹಾಗೆ ಕಾಣುತ್ತದೆ. ಬೆರಳಿನಿಂದ ಒತ್ತುವಾಗ ಸತ್ತ ಪ್ರಾಣಿಯ ಬಾಯಿಗೆ ಕೈ ಹಾಕಿದಂತಿತ್ತು. ಈಗಲೂ ಸಾಬೂನಿಗೆ ಆ ವಾಸನೆ ಹೋಗಿಲ್ಲ, ಅಥವಾ ನನಗೆ ಮಾತ್ರ ಹಾಗನ್ನಿಸುತ್ತಿರಬಹುದು.

ಆದರೆ ಅಕ್ಕ, ನಾನು ಹೇಳಿದರೆ ಅದೇ ದಿನ ಹೊರಗೆ. ಮತ್ತೆ ಹಾಸ್ಟೆಲ್ ಗೋಡೆ, ಮತ್ತೆ ಸುಣ್ಣದ ಬಕೆಟ್. ಗನ್ನು ಕೈಗೆ ಸಿಕ್ಕು ಐದೇ ತಿಂಗಳಾಗಿದೆ. ಬಾವಿಯ ನೀರಿನಂತಿದೆ ಎಂದು ನೀವೇ ಬರೆದಿದ್ದೀರಿ. ನನ್ನ ಬಗ್ಗೆ ಯಾರೂ ಹಾಗೆ ಬರೆದಿರಲಿಲ್ಲ. ಈ ಕೆಲಸ ಬಿಟ್ಟರೆ ಇನ್ನೆಲ್ಲಿ ಹಾಗೆ ಹೊಡೆಯಲಿ? ಪುಟ್ಟಿಯ ಮೇಲೆ ಇನ್ನೂ ಎರಡು ಕೈ ಗಟ್ಟಿ ಬಣ್ಣ ಕೊಡುತ್ತೇನೆ, ಬೀದರಿಗೆ ಹೋಗಿ ಬರುವವರೆಗೆ ತಡೆಯುತ್ತದೆ. 25ರ ಭಾನುವಾರ ಮಲ್ಲಣ್ಣನವರು ಗಾಡಿ ಒಯ್ಯಲು ಬರುತ್ತಾರೆ. ದಯವಿಟ್ಟು ಗೆರೆ ಎಳೆದು ಕಳಿಸಿ.

ಇನ್ನು, ಅಪ್ಪನ ಹೆಸರು ಹಾಕಿ ಬರೆಯುವುದೂ ಪುಟ್ಟಿ ತುಂಬಿದ ಹಾಗೆಯೇ ಅಲ್ಲವೇ? ಕೇಳಬಾರದಿತ್ತು. ಆದರೂ ಕೇಳಿದ್ದೇನೆ.

ಹುಲಗೇಶ


ಗಂಗಾವತಿ
18 ಫೆಬ್ರವರಿ 2024

ಹುಲಗೇಶ ಅವರಿಗೆ,

ಕೇಳಿದ್ದು ಸರಿ. ಇನ್ನು ಮುಂದೆ ನನ್ನ ಹೆಸರಿನಲ್ಲೇ ಗೆರೆ ಎಳೆಯುತ್ತೇನೆ. ನಿಮ್ಮ ಸಾಹುಕಾರರಿಗೂ ಹಾಗೆಂದು ಚೀಟಿ ಬರೆದಿದ್ದೇನೆ, ಟ್ಯಾಂಕಿಗೆ ಅಂಟಿಸಿದ್ದೇನೆ. ಅವರು ಇನ್ನು ಕೆಲಸ ಕಳಿಸುವುದಿಲ್ಲ.

ಎರಡೂ ಬದಿಗೆ ಗೆರೆ ಎಳೆದಿದ್ದೇನೆ. ಆಮೇಲೆ ಹೊಟ್ಟೆಯ ಪುಟ್ಟಿಯನ್ನು ಸಿಕ್ಕಷ್ಟು ಕೆದಕಿ ತೆಗೆದು, ಸಿಕ್ಕ ಪ್ರತಿಯೊಂದು ತೂತಿನ ಸುತ್ತ ಒಂದೊಂದು ಚಿನ್ನದ ಉಂಗುರ ಬರೆದಿದ್ದೇನೆ. ಹದಿಮೂರು. ಮೇಲೆ ಹಾಕಿದ ವರಕನ್ನೇ ಕೆಳಗೂ ಹಾಕಿದ್ದೇನೆ, ಕಡಿಮೆ ಮಾಡಿಲ್ಲ. ಎರಡು ವರ್ಷದಲ್ಲಿ ನಾನು ಎಳೆದ ಗೆರೆಗಳಲ್ಲಿ ಇವೇ ಚೆನ್ನಾಗಿ ಬಂದವು. ಅದನ್ನು ನೋಡಿ ನನಗೆ ಇನ್ನೂ ಹೇಸಿಗೆಯಾಯಿತು.

ಟ್ಯಾಂಕು ಕಳಿಸಿದ್ದೇನೆ. ಮುಚ್ಚುವುದಾದರೆ ನಿಮ್ಮ ಕೈಯಿಂದಲೇ ಮುಚ್ಚಿ.

ಸುಮಂಗಲಾ


ಅಮೀರ್‌ಪೇಟೆ, ಹೈದರಾಬಾದ್
26 ಫೆಬ್ರವರಿ 2024

ಸುಮಂಗಲಕ್ಕನವರಿಗೆ,

ಮುಚ್ಚಿದೆ. ಸಾಹುಕಾರರು ತಲೆಯ ಮೇಲೆ ನಿಂತಿದ್ದರು. ನಿಮ್ಮ ಚೀಟಿ ಹರಿದು, ನಿಮ್ಮನ್ನೂ ನಿಮ್ಮ ಅಪ್ಪನವರನ್ನೂ ಬೈದ ಮಾತು ಬರೆಯಲಾರೆ. ಹೊಸ ಪುಟ್ಟಿ ತುಂಬಿ, ಉಂಗುರಗಳ ಮೇಲೆ ಮೂರು ಕೈ ಕಪ್ಪು ಹೊಡೆದೆ. ಚೆನ್ನಾಗಿ ಹೊಡೆದೆ. ಕೆಟ್ಟದಾಗಿ ಹೊಡೆಯಲು ಕೈ ಕೇಳಲಿಲ್ಲ, ಅದೇ ನನಗೆ ಅಸಹ್ಯ.

ನಿನ್ನೆ ಮಲ್ಲಣ್ಣನವರೂ ಪಾರ್ವತಿಬಾಯಿಯವರೂ ಬಂದರು. ಟ್ಯಾಂಕನ್ನು ಗಾಡಿಗೆ ಇನ್ನೂ ಕೂರಿಸಿರಲಿಲ್ಲ. ಮಲ್ಲಣ್ಣನವರು ಅದನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಅವರು ಬಟ್ಟೆ ವ್ಯಾಪಾರದವರು. ಕಣ್ಣು ಎಲ್ಲೇ ಇರಲಿ, ಹೆಬ್ಬೆರಳು ಸುಮ್ಮನೆ ನೂಲು ಎಣಿಸುತ್ತಿರುತ್ತದೆ. ಗೆರೆ ನೋಡುತ್ತ ನೋಡುತ್ತ ಅವರ ಹೆಬ್ಬೆರಳು ಕೆಳಗೆ ನಿಂತುಬಿಟ್ಟಿತು.

"ಇದೇನದ, ಗುಂಡಗ? ಬಳಿ ಇದ್ದಂಗ ಅದ."

ಮೂರು ಕೈ ಬಣ್ಣಕ್ಕೂ ನಿಮ್ಮ ಉಂಗುರದ ಅಂಚು ಮುಚ್ಚಿರಲಿಲ್ಲ ಅಕ್ಕ.

"ಅದಾ? ಕಂಪನಿ ಗುರ್ತ್ ರೀ. ಹಳೇ ಮಾಲಿಗಿ ಹಂಗೇ ಇರ್ತದ" ಎಂದರು ಸಾಹುಕಾರರು.

ಮಲ್ಲಣ್ಣನವರು ನನ್ನ ಕಡೆ ನೋಡಿದರು. "ಹೌದೇನು ಹುಲಗೇಶ?"

ಹೌದು ಎನ್ನಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ. "ತೂತ್ ರೀ" ಎಂದುಬಿಟ್ಟೆ. "ಪುಟ್ಟಿ ತುಂಬೇವ್ರಿ."

ಸಾಹುಕಾರರ ಕೈ ನನ್ನ ಕೆನ್ನೆಗೆ ಬಂದದ್ದು ಆಮೇಲೆ. ಅದಕ್ಕೂ ಮೊದಲು ಮಲ್ಲಣ್ಣನವರು ಕೇಳಿದರು, "ಬಣ್ಣ ಹಚ್ಚೂ ಮುಂದ ನಿನಗ ಗೊತ್ತಿತ್ತೇನು?"

"ಗೊತ್ತಿತ್ತ್ ರೀ."

"ನಮ್ಮ ಮನೀ ರೊಟ್ಟಿ ತಿನ್ನೂ ಮುಂದ?"

ಹೌದೆಂದು ತಲೆ ಆಡಿಸಿದೆ.

ಅವರು ಸಾಹುಕಾರರಿಗೆ ಒಂದು ಮಾತನ್ನೂ ಆಡಲಿಲ್ಲ. ಅವರಿಂದ ಬೇರೇನನ್ನೂ ನಿರೀಕ್ಷಿಸಿರಲಿಲ್ಲ ಎಂದು ಕಾಣುತ್ತದೆ. ನನ್ನನ್ನೇ ನೋಡಿದರು, ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ. ಪಾರ್ವತಿಬಾಯಿಯವರು ನನ್ನ ಮುಂದೆ ಇಟ್ಟಿದ್ದ ಬುತ್ತಿಯನ್ನು ವಾಪಸ್ಸು ಚೀಲದೊಳಗೆ ಹಾಕಿಕೊಂಡರು. ಸಿಟ್ಟಿನಿಂದಲ್ಲ, ನಿಧಾನವಾಗಿ, ಮುಚ್ಚಳ ಸರಿಯಾಗಿ ಒತ್ತಿ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹೋದರು. ಕೋಠಿಯಲ್ಲಿ ಬೆಸುಗೆ ಹಾಕಿಸುತ್ತಾರಂತೆ. ಕೈಗೆ ಸಿಕ್ಕ ಉಂಗುರಗಳನ್ನೆಲ್ಲ ಎಣಿಸಿಕೊಂಡು ಹೋದರು. ನಿಮ್ಮ ಉಂಗುರ ಹದಿಮೂರು.

ನಾನು ಈಗ ಅಮೀರ್‌ಪೇಟೆಯಲ್ಲಿದ್ದೇನೆ, ಹಳೆಯ ಹಾಸ್ಟೆಲ್ಲಿನಲ್ಲಿ. ವಿಳಾಸ ಹಿಂದೆ ಬರೆದಿದ್ದೇನೆ. ಮೂರನೆಯ ಮಹಡಿಯ ಪಾಯಿಖಾನೆಗೆ ಸುಣ್ಣ ಬಳಿಯುತ್ತಿದ್ದೇನೆ. ಹೇಳಬೇಕಾದದ್ದನ್ನು ಹೇಳಿ ಆಯಿತು. ಇನ್ನು ನನ್ನ ಮೇಲೆ ಸಿಟ್ಟು ಮಾಡಬೇಡಿ.

ಹುಲಗೇಶ


ಗಂಗಾವತಿ
1 ಮಾರ್ಚ್ 2024

ಹುಲಗೇಶ ಅವರಿಗೆ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ವಿಳಾಸ ಬರೆದಿದ್ದೀರಿ, ಫೋನ್ ನಂಬರ್ ಬರೆದಿಲ್ಲ.

ನೀವು ಹೊಡೆತ ತಿಂದಿದ್ದಕ್ಕೆ ಬೇಸರವಾಯಿತು. ಅಪ್ಪನಿಗೆ ಪತ್ರ ಓದಿ ಹೇಳಿದೆ. ಅವರು, "ಎಷ್ಟ್ ತೂತ್ ತುಂಬಿದ್ನಂತ?" ಎಂದರು. ಹದಿಮೂರು ಎಂದೆ. "ಅದು ನೀ ಬರದ ಉಂಗುರದ ಲೆಕ್ಕ. ಅಂವ ತುಂಬಿದ್ದು ಎಷ್ಟು?"

ಪತ್ರವನ್ನು ಮತ್ತೆ ಓದಿದೆ. ನಿಮ್ಮ ಉಂಗುರ ಹದಿಮೂರು ಎಂದು ಬರೆದಿದ್ದೀರಿ. ತೂತು ಹದಿಮೂರು ಎಂದು ಎಲ್ಲಿಯೂ ಬರೆದಿಲ್ಲ. ಹತ್ತನೆಯ ತಾರೀಖಿನ ಪತ್ರದಲ್ಲಿಯೂ ಇಲ್ಲ. ನನ್ನ ಸೂಜಿಗೆ ಸಿಕ್ಕಷ್ಟು ಮಾತ್ರ ನಾನು ಹುಡುಕಿದ್ದೆ. ತುಂಬಿದವರು ನೀವು.

ಎಂಟನೆಯ ತಾರೀಖು ಶಿವರಾತ್ರಿ. ಮಲ್ಲಣ್ಣನವರು ಏಳಕ್ಕೇ ಹೊರಡಬಹುದು. ನನಗೆ ಉತ್ತರ ಬರೆಯುತ್ತ ಕೂರಬೇಡಿ.

ಸುಮಂಗಲಾ


ಅಮೀರ್‌ಪೇಟೆ
6 ಮಾರ್ಚ್ 2024

ಸುಮಂಗಲಕ್ಕನವರಿಗೆ,

ಹದಿನಾಲ್ಕು.

ಪೆಟ್ರೋಲ್ ಇಳಿಯುವ ನಲ್ಲಿಯ ಪಕ್ಕದಲ್ಲಿ, ಎರಡು ತಗಡು ಸೇರುವ ಮಡಿಕೆಯೊಳಗೆ ಒಂದಿತ್ತು. ಅಲ್ಲಿ ಪುಟ್ಟಿಯನ್ನು ಬೆರಳು ದಪ್ಪ ಒತ್ತಿದ್ದೆ, ಅದಕ್ಕೆ ನಿಮಗೆ ಸಿಕ್ಕಿಲ್ಲ. ಹಿಂದಿನ ಪತ್ರ ಬರೆಯುವಾಗಲೇ ಗೊತ್ತಿತ್ತು. ಕೆನ್ನೆ ಇನ್ನೂ ಉರಿಯುತ್ತಿತ್ತು, ಅವರ ಎದುರು ಮತ್ತೆ ಹೋಗಿ ನಿಲ್ಲುವ ಧೈರ್ಯ ಇರಲಿಲ್ಲ. ಬೆಸುಗೆ ಹಾಕುವವರಿಗೆ ಕಂಡೇ ಕಾಣುತ್ತದೆ ಎಂದುಕೊಂಡೆ. ಮಡಿಕೆಯೊಳಗಿನದು ಕಾಣುವುದಿಲ್ಲ ಎಂದೂ ಗೊತ್ತಿತ್ತು. ಹೀಗೆ ಎಂಟು ದಿನ ಕಳೆದೆ. ಪಾಯಿಖಾನೆಯ ಗೋಡೆಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಗುತ್ತಿತ್ತು.

ನಿನ್ನೆ ಬೆಳಿಗ್ಗೆ ನಿಮ್ಮ ಪತ್ರ ಬಂತು. ಸುಣ್ಣದ ಅಂಗಿಯಲ್ಲೇ ಕೋಠಿ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಹಬ್ಬದ ಗಿರಾಕಿಗಳು ತುಂಬಿದ್ದರು. ಮಲ್ಲಣ್ಣನವರು ನನ್ನನ್ನು ಕಂಡು, ಕೈಯಲ್ಲಿದ್ದ ಬಟ್ಟೆಯ ಥಾನಿನಿಂದ ಕಣ್ಣು ಎತ್ತದೆ, "ಗಿರಾಕಿ ಅದಾರ, ಬಾಜೂಕ ಸರಿ" ಎಂದರು. ಬದಿಗೆ ಸರಿದು ನಿಂತೆ. ಬಂದವರು ಹೋದವರು ನನ್ನ ಅಂಗಿ ತಗುಲದಂತೆ ಸೀರೆ ಎತ್ತಿ ಹಿಡಿದು ದಾಟಿದರು. ಒಂದು ಗಂಟೆಯಾಗಿರಬೇಕು. ಗಿರಾಕಿ ಕಡಿಮೆಯಾದ ಮೇಲೂ ಅವರು ಕರೆಯಲಿಲ್ಲ. ನಾನೇ ಹೋದೆ.

"ಇನ್ನೊಂದ್ ಐತ್ರಿ" ಎಂದೆ.

ಅವರ ಕತ್ತರಿ ಬಟ್ಟೆಯ ಅರ್ಧದಲ್ಲಿ ನಿಂತಿತು. "ಹದಿಮೂರೂ ಬೆಸುಗಿ ಆಗ್ಯಾವ. ಪೆಟ್ರೋಲ್ ಸೈತ ಹಾಕ್ಸೀನಿ."

"ಹದಿನಾಲ್ಕ್ ರೀ. ಒಂದ್ ಮಡಿಕ್ಯಾಗ ಐತ್ರಿ. ಅದಕ್ಕ ಉಂಗುರ ಇಲ್ರಿ."

ಗಾಡಿ ಅಂಗಡಿಯ ಹಿಂದಿನ ಓಣಿಯಲ್ಲಿ ನಿಂತಿತ್ತು. ಹಿಂದಿನ ಸೀಟಿಗೆ ಪಾರ್ವತಿಬಾಯಿಯವರು ಹೊಲಿದ ದಿಂಬು ಕಟ್ಟಿದ್ದರು. ಸುತ್ತ ಪೆಟ್ರೋಲ್ ವಾಸನೆ ಇತ್ತು. ಹೊಸದಾಗಿ ತುಂಬಿಸಿದ್ದಕ್ಕೆ ಇರಬಹುದು ಎಂದುಕೊಂಡಿದ್ದರಂತೆ. ನಾನು ಮೊಣಕಾಲೂರಿ ಮಡಿಕೆಯೊಳಗೆ ಉಗುರು ಹಾಕಿದೆ. ಪುಟ್ಟಿ ಆಗಲೇ ಮೆತ್ತಗಾಗಿತ್ತು. ಒಂದು ಚೂರು ಕಿತ್ತು ಬಂತು, ಅದರ ಹಿಂದೆ ಒಂದು ಹನಿ, ಇನ್ನೊಂದು ಹನಿ. ಮಲ್ಲಣ್ಣನವರು ಅಂಗೈ ಒಡ್ಡಿದರು. ಹನಿ ಬಿತ್ತು. ಮೂಸಿದರು. ಕೆಳಗೆ ಎಂಜಿನ್ನಿನ ತಲೆ ಎಷ್ಟು ಹತ್ತಿರವಿದೆ ಎಂದು ಗೇಣಿನಿಂದ ಅಳೆದು ನೋಡಿದರು. ಒಂದು ಗೇಣೂ ಇರಲಿಲ್ಲ.

"ಇದನ್ನೂ ನೀನೇ ಮುಚ್ಚಿದ್ದೇನು?"

"ಹೌದ್ರಿ."

"ಎಂಟ್ ದಿನ ಯಾಕ್ ಬರಲಿಲ್ಲ?"

ಅವರು ಕೈಯನ್ನು ಗೋಡೆಗೆ ಒರೆಸಿದರು, ಆಮೇಲೆ ಕರ್ಚೀಫಿಗೆ, ಆಮೇಲೆ ಕರ್ಚೀಫನ್ನೇ ಚರಂಡಿಗೆ ಎಸೆದರು. ಪೆಟ್ರೋಲ್ ಖಾಲಿ ಮಾಡಿಸಿ, ಟ್ಯಾಂಕು ಬಿಚ್ಚಿಸಿ, "ನೀನೇ ಹೊರು" ಎಂದರು.

ಕೋಠಿಯ ಸಂತೆಯಂಥ ಜನದ ನಡುವೆ ಟ್ಯಾಂಕು ಹೊತ್ತು ನಡೆದೆ. ಅವರು ಹಿಂದೆಯೇ ಬಂದರು, ಕಳ್ಳನನ್ನು ಠಾಣೆಗೆ ಒಯ್ಯುವವರ ಹಾಗೆ. ಪುಸ್ತಕದ ಅಂಗಡಿಯವರು, ಔಷಧಿ ಅಂಗಡಿಯವರು ಎದ್ದು ನಿಂತು ನೋಡಿದರು. ಬೆಸುಗೆ ಹಾಕುವವರು ಬೂದೆಪ್ಪ ಎಂದು, ಯಾದಗಿರಿ ಕಡೆಯವರು. ಟ್ಯಾಂಕು ಕಂಡು ರೇಗಿದರು.

"ಮತ್ತ್ ಬಂತೇನ್ ಇದು? ಒಳಗ ಸೋಡಾ ನೀರ್ ಹಾಕಿ ತೊಳದು, ಗೆರಿ ಸುಡಬಾರ್ದು ಅಂತ ಹಸೀ ಬಟ್ಟಿ ಸುತ್ತಿ, ಅರ್ಧ ದಿನ ಹೋಗ್ತದ್ರಿ. ಇನ್ನ ಎಷ್ಟ್ ಅವ? ಎಲ್ಲಾ ಒಂದೇ ಸರ್ತಿ ಹೇಳಿಬಿಡ್ರಿ ಸಾವ್ಕಾರ್ರ."

"ನನಗ ಕೇಳಬ್ಯಾಡ" ಎಂದರು ಮಲ್ಲಣ್ಣನವರು. "ಇವಗ ಕೇಳು. ಇವಗ ಗೊತ್ತದ."

ಬೂದೆಪ್ಪ ನನ್ನ ಕಡೆ ತಿರುಗಿದರು. "ಒಂದೇ ರೀ" ಎಂದೆ. "ಇದೇ ಕಡೀದು."

ಬೂದೆಪ್ಪ ನಂಬದೆ ಮಲ್ಲಣ್ಣನವರನ್ನು ನೋಡಿದರು. ಮಲ್ಲಣ್ಣನವರು ನನ್ನ ಮುಖವನ್ನು ನೋಡುತ್ತ ನಿಂತರು. ಬಟ್ಟೆಯ ಒಳಮೈ ಮಗುಚಿ ನೋಡುವ ಹಾಗೆ. ನಾನು ಈ ಸಲ ಕಣ್ಣು ತಗ್ಗಿಸಲಿಲ್ಲ. ಅವರ ಮುಖದಲ್ಲಿ ಹೇಸಿಗೆ ಹಾಗೆಯೇ ಇತ್ತು, ಸ್ವಲ್ಪವೂ ಕಡಿಮೆಯಾಗಿರಲಿಲ್ಲ.

"ಒಂದೇ ಹಾಕು" ಎಂದರು ಬೂದೆಪ್ಪನಿಗೆ.

ಹುಲಗೇಶ